ಅಮೆರಿಕದ ಸಂಗಾತಿಯ ಜೊತೆ ನೆಲೆಸೋದು ಹೇಗೆ: ಕೆ-1, ಸಿಆರ್-1, ಇಲ್ಲಾ ಕರ್ನಾಟಕದಲ್ಲೇ ಸಂಸಾರ

ಒಬ್ಬರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್, ಇನ್ನೊಬ್ಬರ ಕೈಯಲ್ಲಿ ಅಮೆರಿಕದ್ದು. ಮದುವೆ ಆಗೋದು ನಿಶ್ಚಯ. ಆಮೇಲೆ ಎರಡೂ ಮನೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವ ವೀಸಾ ಬೇಗ ಸಿಗುತ್ತೆ?"

ಈ ಪ್ರಶ್ನೆಯಿಂದ ಶುರು ಮಾಡಬೇಡಿ ಅಂತ ನನ್ನ ಕಳಕಳಿಯ ಮಾತು. ಬೇಗ ಹೋಗಿ ಸೇರುವುದು ಒಂದು, ಸೇರಿದ ಮೇಲೆ ಬದುಕುವುದು ಇನ್ನೊಂದು. ಊರು ಬಿಟ್ಟು ಹೋಗುವವರ ಕಡೆಯಿಂದ ನೋಡಿ. ಅಲ್ಲಿಗೆ ಹೋದ ಮೊದಲ ತಿಂಗಳಿಂದಲೇ ಅವರು ದುಡಿಯಬಹುದಾ? ಅಪ್ಪನಿಗೆ ಹುಷಾರಿಲ್ಲ ಅಂತ ಫೋನ್ ಬಂದರೆ ಮಾರನೇ ದಿನ ವಿಮಾನ ಹತ್ತಬಹುದಾ? ಸಂಬಂಧ ಹದಗೆಟ್ಟರೆ ಅವರ ಗತಿ ಏನು? ಈ ಮೂರನ್ನು ಇಟ್ಟುಕೊಂಡು ಅಳೆದರೆ ಯಾವ ದಾರಿ ಯಾರಿಗೆ ಅನ್ನೋದು ಬೇರೆಯೇ ರೀತಿ ಕಾಣುತ್ತದೆ.

ಮೊದಲು ಆ ಕಡೆಯವರ ಸ್ಥಾನಮಾನ ತಿಳಿದುಕೊಳ್ಳಿ

"ಹುಡುಗ ಅಮೆರಿಕದಲ್ಲಿದ್ದಾನೆ" ಅನ್ನೋದು ಸಾಲದು. ಅಲ್ಲಿನ ಪ್ರಜೆಯೋ, ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇದೆಯೋ, ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಕೆಲಸ ಮಾಡುತ್ತಿದ್ದಾನೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಪ್ರಜೆಯಾದರೆ ಸಂಗಾತಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ. ಗ್ರೀನ್ ಕಾರ್ಡ್ ಮಾತ್ರ ಇದ್ದರೆ ಎಫ್2ಎ ಎಂಬ ಗುಂಪಿಗೆ ಸೇರುತ್ತೀರಿ. ಅಲ್ಲಿ ವಾರ್ಷಿಕ ಮಿತಿ ಇದೆ, ಸರದಿ ಇದೆ. ಮದುವೆಗೆ ಮುಂಚೆಯೇ ಹೋಗುವವರ ಕೆ-1 ವೀಸಾಕ್ಕೆ ಅಂತೂ ಅರ್ಜಿ ಹಾಕಬಹುದಾದದ್ದು ಪ್ರಜೆಗಳು ಮಾತ್ರ. ಎಚ್-1ಬಿ ಆದರೆ ನಿಮಗೆ ಸಿಗೋದು ಎಚ್-4 ಎಂಬ ಅವಲಂಬಿತರ ವೀಸಾ. ಅದರಲ್ಲಿ ಕೆಲಸ ಮಾಡಬೇಕೆಂದರೆ ಸಾಮಾನ್ಯವಾಗಿ ಸಂಗಾತಿಯ ಐ-140 (ಕೆಲಸದ ಆಧಾರದ ಗ್ರೀನ್ ಕಾರ್ಡಿನ) ಅರ್ಜಿ ಮಂಜೂರಾಗಿರಬೇಕು. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದು, ಇದನ್ನು ಕೇಳದೆ ಎಚ್-4 ಮೇಲೆ ಹೋದವರು ಎಷ್ಟೋ ವರ್ಷ ಮನೆಯಲ್ಲೇ ಕೂರಬೇಕಾಗುತ್ತದೆ. ಮದುವೆ ಮಾತುಕತೆಯ ಹೊತ್ತಿಗೇ ಇದನ್ನು ನೇರವಾಗಿ ಕೇಳಿ, ಸಂಕೋಚ ಬೇಡ.

ಇಲ್ಲಿಂದ ಮುಂದೆ ಹೇಳುವುದು ಸಂಗಾತಿ ಅಮೆರಿಕದ ಪ್ರಜೆ ಆಗಿರುವ ಜೋಡಿಗಳಿಗೆ.

ಕೆ-1: ಹೋಗಿ ಮದುವೆ ಆಗುವ ದಾರಿ

ಇದು ನಿಶ್ಚಯವಾದ, ಆದರೆ ಇನ್ನೂ ಮದುವೆಯಾಗದ ಜೋಡಿಗೆ. ಅಮೆರಿಕದವರು ಐ-129ಎಫ್ ಅರ್ಜಿ ಹಾಕುತ್ತಾರೆ. ಅರ್ಜಿ ಹಾಕುವ ಹಿಂದಿನ ಎರಡು ವರ್ಷಗಳಲ್ಲಿ ಇಬ್ಬರೂ ಒಮ್ಮೆಯಾದರೂ ಮುಖಾಮುಖಿ ಭೇಟಿ ಆಗಿರಬೇಕು. ವಿಡಿಯೋ ಕಾಲ್ ಲೆಕ್ಕಕ್ಕಿಲ್ಲ. ಸಂಪ್ರದಾಯದ ಕಾರಣಕ್ಕೆ ಭೇಟಿ ಆಗಲಿಲ್ಲ ಅಂತ ವಿನಾಯಿತಿ ಕೇಳಲು ನಿಯಮದಲ್ಲಿ ಅವಕಾಶ ಇದೆ, ಆದರೆ ಅದು ಸಿಗೋದು ಬಹಳ ಅಪರೂಪ. ಅದನ್ನು ನಂಬಿ ಅರ್ಜಿ ಹಾಕಬೇಡಿ.

ವೀಸಾ ಬಂದ ಮೇಲೆ ಒಂದೇ ಸಲ ಒಳಗೆ ಹೋಗಬಹುದು. ಹೋದ 90 ದಿನದೊಳಗೆ, ಅರ್ಜಿ ಹಾಕಿದ ಅದೇ ವ್ಯಕ್ತಿಯನ್ನು ಮದುವೆಯಾಗಬೇಕು. ಆಮೇಲೆ ಗ್ರೀನ್ ಕಾರ್ಡಿಗೆ ಐ-485 ಎಂಬ ಹೊಸ ಅರ್ಜಿ.

ಕಷ್ಟ ಶುರುವಾಗುವುದೇ ಇಲ್ಲಿ. ಐ-485 ಹಾಕಿದ ಮೇಲೆ ಕೆಲಸದ ಅನುಮತಿಗೆ ಬೇರೆ ಅರ್ಜಿ, ದೇಶ ಬಿಟ್ಟು ಹೋಗಿ ಬರಲು ಇನ್ನೊಂದು ಅರ್ಜಿ. ಅವು ಕೈಗೆ ಬರಲು ತಿಂಗಳುಗಟ್ಟಲೆ ಬೇಕು. ಪ್ರಯಾಣದ ಅನುಮತಿ ಬರುವ ಮೊದಲೇ ಭಾರತಕ್ಕೆ ಬಂದರೆ ಗ್ರೀನ್ ಕಾರ್ಡ್ ಅರ್ಜಿಯನ್ನೇ ಕೈಬಿಟ್ಟಂತೆ. ಹಾಸನದಿಂದ ಹೋದ ಹುಡುಗಿಯೊಬ್ಬಳು ಹೊಸ ಊರಿನಲ್ಲಿ, ಚಳಿಯಲ್ಲಿ, ತನ್ನದು ಅಂತ ಒಂದು ಡಾಲರ್ ಸಂಪಾದನೆ ಇಲ್ಲದೆ, ಅಮ್ಮನಿಗೆ ಆಪರೇಷನ್ ಅಂದರೂ ಬರಲಾಗದೆ ಆರೇಳು ತಿಂಗಳು ಕಳೆಯುವುದನ್ನು ಯೋಚಿಸಿ. ಗಂಡ ಎಷ್ಟೇ ಒಳ್ಳೆಯವನಾದರೂ ಅದು ಭಾರದ ಕಾಲ. ಮದುವೆಯ ಮೊದಲ ವರ್ಷಕ್ಕೆ ಅಷ್ಟು ಭಾರ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಕೆ-1 ಯಾರಿಗೆ? ಭಾರತದಲ್ಲಿ ಮದುವೆಯಾಗಲು ದಾರಿಯೇ ಇಲ್ಲದವರಿಗೆ. ಅದನ್ನು ಮುಂದೆ ಹೇಳುತ್ತೇನೆ. ಇನ್ನೊಂದು ಗುಂಪೂ ಇದೆ. ಎರಡನೇ ಮದುವೆ, ಮೊದಲ ಮದುವೆಯಿಂದ 18 ದಾಟಿದ, 21 ತುಂಬದ ಮಗು ಇದೆ ಅನ್ನಿ. ಮದುವೆಯಾಗಿ ಹೋಗುವ ದಾರಿಯಲ್ಲಿ ಮಗುವಿಗೆ 18 ತುಂಬುವ ಮೊದಲೇ ಮದುವೆ ಆಗಿದ್ದರೆ ಮಾತ್ರ ಮಲತಂದೆ ಅಥವಾ ಮಲತಾಯಿ ಅರ್ಜಿ ಹಾಕಬಹುದು. ಕೆ-1ರಲ್ಲಿ ಮದುವೆಯಾಗದ, 21ರ ಒಳಗಿನ ಮಗು ಕೆ-2 ವೀಸಾದಲ್ಲಿ ಜೊತೆಗೆ ಬರಬಹುದು. ಇಂಥ ಮನೆಗಳಿಗೆ ಕೆ-1 ನಿಜವಾಗಿ ಉಪಕಾರಿ. ಆದರೆ ಮಗುವಿನ ವಯಸ್ಸಿನ ಲೆಕ್ಕ ಸೂಕ್ಷ್ಮವಾದದ್ದು, ವಲಸೆ ವಕೀಲರಿಗೆ ಒಮ್ಮೆ ತೋರಿಸಿಯೇ ಮುಂದುವರಿಯಿರಿ.

ಸಿಆರ್-1: ಮದುವೆಯಾಗಿ ಹೋಗುವ ದಾರಿ

ಮೊದಲು ಮದುವೆ. ಆಮೇಲೆ ಅಮೆರಿಕದವರು ಸಂಗಾತಿಗಾಗಿ ಐ-130 ಎಂಬ ಅರ್ಜಿ ಹಾಕುತ್ತಾರೆ. ಅದು ಮಂಜೂರಾದರೆ ಕಡತ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಶುಲ್ಕ, ದಾಖಲೆ, ಖರ್ಚಿನ ಹೊಣೆಯ ಪತ್ರ. ಕೊನೆಗೆ ವೈದ್ಯಕೀಯ ತಪಾಸಣೆ ಮತ್ತು ಸಂದರ್ಶನ. ಭಾರತದವರಿಗೆ ಇದು ಹೆಚ್ಚಾಗಿ ಮುಂಬೈನಲ್ಲಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೂ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು, ಆದರೆ ಶುರುವಿನಲ್ಲಿ ಅಲ್ಲಿ ವೀಸಾ ಸೇವೆ ಇರಲಿಲ್ಲ. ಹಾಗಾಗಿ ಮುಂಬೈ ಪ್ರಯಾಣವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಕಾಯುವುದು ದೀರ್ಘ. ಒಂದು ವರ್ಷ ದಾಟುವುದು ಸಾಮಾನ್ಯ. ಹೊಸದಾಗಿ ಮದುವೆಯಾದವರು ಇಷ್ಟು ಕಾಲ ಬೇರೆ ಬೇರೆ ಇರೋದು ಸಂಕಟವೇ. ಆದರೆ ವಿಮಾನ ಇಳಿದ ದಿನದಿಂದ ಚಿತ್ರ ಪೂರ್ತಿ ಬೇರೆ. ವಿಮಾನ ನಿಲ್ದಾಣದಲ್ಲಿ ಮುದ್ರೆ ಬಿದ್ದ ಕ್ಷಣಕ್ಕೆ ನೀವು ಕಾಯಂ ನಿವಾಸಿ. ಆ ಮುದ್ರೆಯೇ ಒಂದು ವರ್ಷದವರೆಗೆ ಗ್ರೀನ್ ಕಾರ್ಡಿನ ಪುರಾವೆ. ಮರುದಿನವೇ ಕೆಲಸಕ್ಕೆ ಸೇರಬಹುದು. ಮುಂದಿನ ವಾರ ಊರಿಗೆ ಬಂದು ಹೋಗಬೇಕಾದರೂ ಯಾರ ಅಪ್ಪಣೆಯೂ ಬೇಡ.

ಒಳಗೆ ಹೋಗುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಅದು ಸಿಆರ್-1, ಎರಡು ವರ್ಷದ ಷರತ್ತಿನ ಕಾರ್ಡ್. ತುಂಬಿದ್ದರೆ ಐಆರ್-1, ಹತ್ತು ವರ್ಷದ ಕಾರ್ಡ್. ಷರತ್ತಿನ ಕಾರ್ಡ್ ಇದ್ದವರು ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. ಈ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ, ತಪ್ಪಿದರೆ ಸ್ಥಾನಮಾನವೇ ಹೋಗುತ್ತದೆ. ಮುಂಬೈ ಸಂದರ್ಶನ ಮುಗಿಯುವ ಹೊತ್ತಿಗೆ ಎರಡು ವರ್ಷ ತುಂಬಲು ಸ್ವಲ್ಪ ದಿನ ಬಾಕಿ ಇದ್ದರೆ, ವೀಸಾದ ಅವಧಿಯೊಳಗೇ ಕೆಲವು ವಾರ ತಡೆದು ಹೋಗುವುದು ಜಾಣತನ. ಒಂದು ದೊಡ್ಡ ಅರ್ಜಿ ಉಳಿಯುತ್ತದೆ. ಅಮೆರಿಕದಲ್ಲಿ ಇಳಿದಾಗ ವಿಮಾನ ನಿಲ್ದಾಣದ ಅಧಿಕಾರಿಗೆ ಮದುವೆಗೆ ಎರಡು ವರ್ಷ ಆಯಿತು ಅಂತ ಹೇಳಿ, ವರ್ಗ ಬದಲಿಸಿ ಮುದ್ರೆ ಹಾಕಿದ್ದಾರೋ ನೋಡಿಕೊಳ್ಳಿ.

ದುಡ್ಡಿನ ಲೆಕ್ಕ

2024ರ ಏಪ್ರಿಲ್‌ನಿಂದ ಜಾರಿಗೆ ಬಂದ ವಲಸೆ ಇಲಾಖೆಯ ದರಗಳನ್ನೇ ಹಿಡಿಯೋಣ. ಕೆ-1 ದಾರಿಯಲ್ಲಿ ಐ-129ಎಫ್‌ಗೆ 675 ಡಾಲರ್, ವೀಸಾಕ್ಕೆ 265, ಐ-485ಕ್ಕೆ 1,440. ಒಟ್ಟು 2,380. ಕೆಲಸದ ಅನುಮತಿಗೆ 260, ಪ್ರಯಾಣದ ಅನುಮತಿಗೆ 630 ಸೇರಿಸಿದರೆ 3,270 ಡಾಲರ್. ಸಿಆರ್-1 ದಾರಿಯಲ್ಲಿ ಐ-130 ಆನ್‌ಲೈನ್‌ನಲ್ಲಿ ಹಾಕಿದರೆ 625, ವೀಸಾಕ್ಕೆ 325, ಹೊಣೆಪತ್ರದ ಪರಿಶೀಲನೆಗೆ 120, ಗ್ರೀನ್ ಕಾರ್ಡ್ ಮುದ್ರಣಕ್ಕೆ 235. ಒಟ್ಟು 1,305. ತಪಾಸಣೆ, ಮುಂಬೈ ಓಡಾಟ ಎರಡರಲ್ಲೂ ಬೇರೆ. ಷರತ್ತು ತೆಗೆಸುವ ಐ-751ರ 750 ಡಾಲರ್ ಸಾಮಾನ್ಯವಾಗಿ ಎರಡೂ ದಾರಿಗೆ ಬರುತ್ತದೆ. ದರಗಳು ಬದಲಾಗುತ್ತಲೇ ಇರುತ್ತವೆ, ಕಟ್ಟುವ ದಿನ ಸರ್ಕಾರಿ ಜಾಲತಾಣ ನೋಡಿಯೇ ಕಟ್ಟಿ.

ಹೊಣೆಪತ್ರದ ಬಗ್ಗೆ ಇನ್ನೊಂದು ಮಾತು. ಸಿಆರ್-1ಕ್ಕೆ ಹಾಕುವ ಐ-864ರಲ್ಲಿ ಅಮೆರಿಕದವರ ಆದಾಯ ಬಡತನ ರೇಖೆಯ ಶೇ. 125 ಇರಬೇಕು. 2025ರ ಲೆಕ್ಕದಲ್ಲಿ ಇಬ್ಬರ ಮನೆಗೆ ಇದು ವರ್ಷಕ್ಕೆ ಸುಮಾರು 26,437 ಡಾಲರ್. ಕಡಿಮೆ ಬಿದ್ದರೆ ಅಮೆರಿಕದಲ್ಲಿರುವ ಇನ್ನೊಬ್ಬ ಪ್ರಜೆ ಅಥವಾ ಗ್ರೀನ್ ಕಾರ್ಡ್‌ದಾರರು ಜೊತೆಗೆ ಸಹಿ ಹಾಕಬಹುದು. ಅಣ್ಣ ಇದ್ದಾನೆ, ಚಿಕ್ಕಪ್ಪ ಇದ್ದಾರೆ ಅಂತ ಸುಮ್ನೆ ಸಹಿ ಹಾಕಿಸಬೇಡಿ. ಈ ಹೊಣೆ ವಿಚ್ಛೇದನ ಆದರೂ ಮುಗಿಯುವುದಿಲ್ಲ. ನೀವು ಅಲ್ಲಿನ ಪ್ರಜೆ ಆಗುವವರೆಗೆ ಅಥವಾ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಸೇರುವವರೆಗೆ ಅವರ ಮೇಲೇ ಇರುತ್ತದೆ. ಸಹಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳುವುದು ನಿಮ್ಮ ಕರ್ತವ್ಯ.

ಧಾರೆ ಮೊದಲೋ, ನೋಂದಣಿ ಮೊದಲೋ

ನಮ್ಮ ಮನೆಗಳಲ್ಲಿ ಜಾಸ್ತಿ ಎಡವುವುದು ಇಲ್ಲೇ.

ಕೆ-1 ಹಾಕಿದ್ದೀರಿ ಅನ್ನಿ. ಹುಡುಗ ರಜೆಗೆ ಬಂದಿದ್ದಾನೆ. "ಹೇಗೂ ಬಂದಿದ್ದೀಯಲ್ಲ, ಇಲ್ಲೇ ಶಾಸ್ತ್ರಕ್ಕೆ ಧಾರೆ ಎರೆದುಬಿಡೋಣ, ಕಾಗದ ಅಲ್ಲಿ ಮಾಡಿಕೊಳ್ಳಿ" ಅಂತ ಅಜ್ಜಿ ಹೇಳುತ್ತಾರೆ. ಅಜ್ಜಿಯ ಆಸೆ ದೊಡ್ಡದು, ಆದರೆ ಒಪ್ಪಬೇಡಿ. ಇಬ್ಬರೂ ಹಿಂದೂಗಳಾದರೆ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಶಾಸ್ತ್ರೋಕ್ತವಾಗಿ ನಡೆದದ್ದೇ ಮದುವೆ. ನೋಂದಣಿ ಅದರ ದಾಖಲೆ ಅಷ್ಟೇ. ಮಾಂಗಲ್ಯ, ಸಪ್ತಪದಿ ಆಗಿದ್ದರೆ ನೀವು ಮದುವೆಯಾದವರು. ಆಗ ಕೆ-1ಕ್ಕೆ ಅರ್ಹರಲ್ಲ. ಸಂದರ್ಶನದಲ್ಲಿ ಫೋಟೋ ನೋಡಿ ಅಧಿಕಾರಿ ಇದನ್ನೇ ಕೇಳುತ್ತಾರೆ. ನಿಶ್ಚಿತಾರ್ಥ ಮಾಡಿ, ಉಂಗುರ ಬದಲಿಸಿ, ಸಂತೋಷವಾಗಿ ಊಟ ಹಾಕಿಸಿ. ಧಾರೆ ಮಾತ್ರ ಅಮೆರಿಕಕ್ಕೆ ಹೋದ ಮೇಲೆ, ಆ 90 ದಿನದೊಳಗೆ.

ಸಿಆರ್-1ರಲ್ಲಿ ಇದರ ತಿರುಗಾಮುರುಗಾ ನಡೆಯುತ್ತದೆ. "ಈಗ ರಿಜಿಸ್ಟರ್ ಮಾಡಿಸಿ ಅರ್ಜಿ ಹಾಕೋಣ, ಮುಂದಿನ ವರ್ಷ ಛತ್ರ ಹಿಡಿದು ಮದುವೆ ಮಾಡೋಣ" ಎಂಬ ಯೋಚನೆ. ಶಾಸ್ತ್ರ ನಡೆಯದೆ ಬರೀ ಪ್ರಮಾಣಪತ್ರ ಮಾಡಿಸಿದರೆ ಅದು ಹಿಂದೂ ವಿವಾಹ ಆಗುವುದಿಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವೀಸಾಕ್ಕಾಗಿ ಹೀಗೆ ಮೊದಲೇ ನೋಂದಣಿ ಮಾಡಿಸುವ ರೂಢಿಯನ್ನೂ ಅದು ಆ ತೀರ್ಪಿನಲ್ಲಿ ಎತ್ತಿ ಹೇಳಿತು. ಕಾಗದ ಮೊದಲು ಬೇಕೆನ್ನುವವರಿಗೆ, ಇಬ್ಬರ ಧರ್ಮ ಬೇರೆ ಇರುವವರಿಗೆ ಇರುವ ನೇರ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು. ಇಬ್ಬರೂ ಸಹಿ ಮಾಡಿದ ನೋಟಿಸ್ ಕೊಡಬೇಕು. ನೋಟಿಸ್ ಹೊರಗೆ ಹಾಕಿ 30 ದಿನ ಆಕ್ಷೇಪಣೆಗೆ ಬಿಡುತ್ತಾರೆ. ಆಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿನಿಂದ. ವಿದೇಶದವರು ತಾವು ಅವಿವಾಹಿತರು ಅಥವಾ ವಿಚ್ಛೇದಿತರು ಎಂಬುದಕ್ಕೆ ದಾಖಲೆ ತರಬೇಕು. ಎರಡು ವಾರದ ರಜೆ ಹಾಕಿ ಬಂದರೆ ಇದು ಮುಗಿಯುವುದಿಲ್ಲ. ಟಿಕೆಟ್ ತೆಗೆಯುವ ಮುಂಚೆ ನಿಮ್ಮ ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಪಟ್ಟಿ ಕೇಳಿಕೊಂಡು ಬನ್ನಿ.

ಆನ್‌ಲೈನ್ ಮದುವೆಯ ಬಗ್ಗೆ ಕೇಳುವವರೂ ಜಾಸ್ತಿ ಆಗಿದ್ದಾರೆ. ಅಮೆರಿಕದ ಯೂಟಾ ರಾಜ್ಯದ ಒಂದು ಕೌಂಟಿ ವಿಡಿಯೋ ಮೂಲಕ ಮದುವೆ ಮಾಡಿಸುತ್ತದೆ. ಇಬ್ಬರೂ ಒಂದೇ ಕಡೆ ಇಲ್ಲದೆ ಆದ ಮದುವೆಯನ್ನು ವಲಸೆ ಕಾನೂನು ಒಪ್ಪಬೇಕಾದರೆ, ಮದುವೆಯ ನಂತರ ಇಬ್ಬರೂ ಭೇಟಿಯಾಗಿ ದಾಂಪತ್ಯ ನಡೆಸಿರಬೇಕು. ಅದಕ್ಕೆ ಪುರಾವೆಯಾಗಿ ಟಿಕೆಟ್, ಪಾಸ್‌ಪೋರ್ಟ್ ಮುದ್ರೆ ಬೇಕು.

ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಉಳಿಯೋದು

ಬೇಡ. ಬಿ-2 ಮೇಲೆ ಹೋಗಿ ಮದುವೆಯಾಗಿ ವಾಪಸ್ ಬಂದರೆ ತಪ್ಪಿಲ್ಲ. ಉಳಿಯುವ ಉದ್ದೇಶ ಇಟ್ಟುಕೊಂಡು, ಅಧಿಕಾರಿಯ ಮುಂದೆ ಸುತ್ತಾಡಲು ಬಂದೆ ಎಂದರೆ ಅದು ಸುಳ್ಳು ಹೇಳಿ ಪ್ರವೇಶ ಪಡೆದಂತೆ. ಸಾಬೀತಾದರೆ ಜೀವನಪೂರ್ತಿ ನಿಷೇಧದ ಅಪಾಯ. ಅದಕ್ಕೆ ವಿನಾಯಿತಿ ಪಡೆಯುವುದು ಬೆಟ್ಟ ಹತ್ತುವ ಕೆಲಸ. "ನಮ್ಮ ಪರಿಚಯದವರು ಹಾಗೇ ಮಾಡಿದ್ದರು" ಅಂತ ಯಾರಾದರೂ ಹೇಳಿದರೆ, ಆ ಧೈರ್ಯದ ಬೆಲೆ ಕಟ್ಟುವವರು ನೀವು ಎಂಬುದನ್ನು ಮರೆಯಬೇಡಿ.

ಅಮೆರಿಕದವರೇ ಇಲ್ಲಿಗೆ ಬಂದರೆ?

ಈ ಆಯ್ಕೆಯನ್ನು ಮನೆಗಳಲ್ಲಿ ಯಾರೂ ಮೇಜಿನ ಮೇಲೆ ಇಡುವುದೇ ಇಲ್ಲ. ಇಡಬೇಕು. ಮೈಸೂರಿನಲ್ಲೋ ಮಂಗಳೂರಿನಲ್ಲೋ ಮನೆ ಇದೆ, ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ಅಮೆರಿಕದವರ ಕೆಲಸ ಎಲ್ಲಿಂದಲಾದರೂ ಮಾಡುವಂಥದ್ದು ಅಂದರೆ ಇದು ಚೆನ್ನಾಗಿ ಹೊಂದುತ್ತದೆ.

ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಎಕ್ಸ್-2 ಎಂಬ ಎಂಟ್ರಿ ವೀಸಾ ಇದೆ. ಅವಧಿ 180 ದಿನ ಮೀರುವ ವೀಸಾ ಆದರೆ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ಬಳಿ ನೋಂದಣಿ. ಅದು ಈಗ ಆನ್‌ಲೈನ್. ಈ ವೀಸಾ ಇದೆ ಎಂದ ಮಾತ್ರಕ್ಕೆ ಇಲ್ಲಿ ಕೆಲಸಕ್ಕೆ ಸೇರಬಹುದು ಅಂದುಕೊಳ್ಳಬೇಡಿ, ಎಫ್‌ಆರ್‌ಆರ್‌ಒ ಅನುಮತಿ ಕೇಳಿಯೇ ಸೇರಿ. ಅಮೆರಿಕದ ಕಂಪನಿಗೆ ಮನೆಯಿಂದ ಕೆಲಸ ಮಾಡುವವರೂ ತೆರಿಗೆ ಮತ್ತು ಅನುಮತಿಯ ವಿಷಯವನ್ನು ಲೆಕ್ಕಪರಿಶೋಧಕರ ಹತ್ತಿರ ಮೊದಲೇ ಮಾತಾಡಬೇಕು.

ಮದುವೆ ನೋಂದಣಿಯಾಗಿ, ಎರಡು ವರ್ಷ ತಡೆಯಿಲ್ಲದೆ ಮುಂದುವರಿದಿದ್ದರೆ ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಭಾರತದಲ್ಲಿ ಹಾಕಿದರೆ 15,000 ರೂಪಾಯಿ, ಹೊರಗಡೆ 275 ಡಾಲರ್. ಕಾರ್ಡ್ ಬಂದರೆ ಎಷ್ಟು ಸಲ ಬೇಕಾದರೂ ಬಂದು ಹೋಗಬಹುದು, ಖಾಸಗಿ ಕೆಲಸ ಮಾಡಬಹುದು, ಎಫ್‌ಆರ್‌ಆರ್‌ಒ ಓಡಾಟ ಬಹುತೇಕ ತಪ್ಪುತ್ತದೆ. ಮತ ಹಾಕುವಂತಿಲ್ಲ, ಜಮೀನು, ತೋಟ ಕೊಳ್ಳುವಂತಿಲ್ಲ. ಕೊಡಗಿನಲ್ಲಿ ಕಾಫಿ ತೋಟ ಕೊಂಡು ಇಬ್ಬರ ಹೆಸರಿಗೂ ಮಾಡಿಸೋಣ ಎಂದು ಕನಸು ಕಂಡವರು ಇದನ್ನು ಗಮನಿಸಿ. ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದವರಿಗೆ, ತಂದೆ ತಾಯಿ, ಅಜ್ಜ ಅಜ್ಜಿ ಆ ದೇಶದವರಾಗಿದ್ದವರಿಗೆ ಒಸಿಐ ಇಲ್ಲ. ಮದುವೆಯ ಆಧಾರದ ಮೇಲೆ ಪಡೆದ ಕಾರ್ಡ್ ವಿಚ್ಛೇದನ ಆದರೆ ರದ್ದಾಗುತ್ತದೆ.

ಎರಡನ್ನೂ ಸೇರಿಸಿಕೊಳ್ಳಬಹುದು ಎಂಬುದು ನನಗೆ ಬಹಳ ಇಷ್ಟದ ಸಂಗತಿ. ಇಲ್ಲೇ ಮದುವೆಯಾಗಿ, ಅಮೆರಿಕದವರು ಎಕ್ಸ್-2 ಮೇಲೆ ಇಲ್ಲೇ ಇದ್ದು, ಆ ಕಡೆ ಐ-130 ನಡೆಯುತ್ತಿರಲಿ. ಕಾಯುವ ಕಾಲ ಒಟ್ಟಿಗೆ ಕಳೆಯುತ್ತದೆ. ಇದರಲ್ಲಿ ಒಂದು ತೊಡಕಿದೆ. ಹೊಣೆಪತ್ರಕ್ಕೆ ಸಹಿ ಹಾಕುವವರು ಅಮೆರಿಕದಲ್ಲಿ ತಮ್ಮ ನೆಲೆ ಇದೆ ಅಥವಾ ಮರಳಿ ಮಾಡಿಕೊಳ್ಳುತ್ತಿದ್ದಾರೆ ಎಂದು ತೋರಿಸಬೇಕು. ಅಲ್ಲಿನ ಬ್ಯಾಂಕ್ ಖಾತೆ, ತೆರಿಗೆ ಸಲ್ಲಿಕೆ, ಮತದಾರರ ಪಟ್ಟಿಯಲ್ಲಿ ಹೆಸರು, ಇವನ್ನು ಬಿಡದೆ ಉಳಿಸಿಕೊಂಡಿರಿ.

ಒಂದೇ ಲಿಂಗದ ಜೋಡಿಗಳಿಗೆ

ಕೆ-1 ಇವರ ಪಾಲಿಗೆ ನಿಜವಾದ ಬಾಗಿಲು. ಭಾರತದಲ್ಲಿ ಇವರ ಮದುವೆಗೆ ಕಾನೂನಿನ ಮನ್ನಣೆ ಇಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅದನ್ನು ಕೊಡಲು ಒಪ್ಪಲಿಲ್ಲ. ಅಮೆರಿಕದ ವಲಸೆ ಇಲಾಖೆ 2013ರಿಂದಲೂ ಇಂಥ ಮದುವೆಗಳನ್ನು ಬೇರೆ ಮದುವೆಗಳಂತೆಯೇ ನೋಡುತ್ತದೆ. ಹಾಗಾಗಿ ಇವರಿಗೆ ಎರಡು ದಾರಿ: ಕೆ-1, ಇಲ್ಲವೇ ಬೇರೆ ದೇಶದಲ್ಲಿ ಮದುವೆಯಾಗಿ ಸಿಆರ್-1. ಥಾಯ್ಲೆಂಡಿನಲ್ಲಿ 2025ರ ಜನವರಿಯಿಂದ ಇಂಥ ಮದುವೆ ಕಾನೂನುಬದ್ಧ. ವಿದೇಶಿಯರು ಅಲ್ಲಿ ತರಬೇಕಾದ ದಾಖಲೆಗಳ ಪಟ್ಟಿ ಕೇಳಿಕೊಂಡು ಹೊರಟರೆ ಹಣ, ಕಾಲ ಎರಡೂ ಉಳಿಯುತ್ತವೆ. ಕೆ-1ರ ಮೊದಲ ತಿಂಗಳುಗಳ ಭಾರ ತಪ್ಪಿಸಿಕೊಳ್ಳಲು ನನಗೆ ಎರಡನೇ ದಾರಿಯೇ ಮೇಲು ಅನಿಸುತ್ತದೆ.

ಮದುವೆ ಸರಿಹೋಗದಿದ್ದರೆ

ಇದನ್ನು ಮಾತಾಡುವುದು ಅಪಶಕುನ ಅಂತ ಮನೆಯವರು ಸುಮ್ಮನಾಗಿಸುತ್ತಾರೆ. ಆದರೆ ಹೋಗುವವರು ತಿಳಿದಿರಲೇಬೇಕು. ಕೆ-1ರಲ್ಲಿ ಹೋಗಿ ಮದುವೆ ಆಗದಿದ್ದರೆ 90 ದಿನದೊಳಗೆ ವಾಪಸ್ ಬರಬೇಕು. ಅಲ್ಲೇ ಇನ್ನೊಬ್ಬರನ್ನು ಮದುವೆಯಾಗಿ ಗ್ರೀನ್ ಕಾರ್ಡ್ ಕೇಳುವಂತಿಲ್ಲ, ವಿದ್ಯಾರ್ಥಿ ವೀಸಾಕ್ಕೆ ಬದಲಿಸುವಂತಿಲ್ಲ. ಸಿಆರ್-1ರವರು ಆಗಲೇ ಕಾಯಂ ನಿವಾಸಿ. ವಿಚ್ಛೇದನ ಆದರೂ, ಮದುವೆ ಪ್ರಾಮಾಣಿಕವಾಗಿತ್ತು ಎಂದು ತೋರಿಸಿ ಐ-751ನ್ನು ಒಬ್ಬರೇ ಹಾಕಬಹುದು. ಹೊಡೆತ, ಹಿಂಸೆ ಇದ್ದರೆ ಮದುವೆಯಾದ ಗಂಡಾಗಲಿ ಹೆಣ್ಣಾಗಲಿ ಸಂಗಾತಿಯ ಸಹಾಯ ಇಲ್ಲದೆ ಸ್ವಂತ ಅರ್ಜಿ ಹಾಕಲು ವಾವಾ ಎಂಬ ಕಾನೂನಿನಲ್ಲಿ ಅವಕಾಶ ಇದೆ. "ನಿನ್ನ ವೀಸಾ ನನ್ನ ಕೈಯಲ್ಲಿದೆ" ಎಂದು ಯಾರಾದರೂ ಹೆದರಿಸಿದರೆ ಅದು ಪೂರ್ತಿ ನಿಜವಲ್ಲ. ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ, ಅರ್ಜಿಗಳ ಪ್ರತಿ ನಿಮ್ಮ ಹತ್ತಿರವೇ ಇರಲಿ. ಒಂದು ಪ್ರತಿ ತವರಿನಲ್ಲೂ ಇರಲಿ.

ಬೇರೆ ದೇಶದ ಸಂಗಾತಿ ಆದರೆ

ನೋಡುವ ಕಣ್ಣು ಅದೇ. ಬ್ರಿಟನ್ನಿನಲ್ಲಿ ನಿಶ್ಚಿತ ವಧು ಅಥವಾ ವರನಾಗಿ ಹೋದರೆ ಆರು ತಿಂಗಳು, ಕೆಲಸ ಮಾಡುವಂತಿಲ್ಲ. ಮದುವೆಯಾಗಿ ಹೋದರೆ ಮಾಡಬಹುದು. 2024ರ ಏಪ್ರಿಲ್‌ನಿಂದ ಸಾಮಾನ್ಯವಾಗಿ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು. ಕೆನಡಾದಲ್ಲಿ ನಿಶ್ಚಿತಾರ್ಥದ ವೀಸಾ ಎಂಬುದೇ ಇಲ್ಲ. ಮದುವೆಯಾದವರಿಗೆ, ಒಂದು ವರ್ಷ ಒಟ್ಟಿಗೆ ಬಾಳಿದವರಿಗೆ ನೇರ ಕಾಯಂ ವಾಸ. ಜರ್ಮನಿಗೆ ಸಾಮಾನ್ಯವಾಗಿ ಎ1 ಮಟ್ಟದ ಜರ್ಮನ್ ಬರಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಯಬಹುದು, ಪರೀಕ್ಷೆಯೂ ಅಲ್ಲೇ.

ಅರ್ಜಿಗೆ ಮುಂಚೆ ಹೆಸರು

ಯಾವ ದಾರಿ ಹಿಡಿದರೂ ಕನ್ನಡದವರಿಗೆ ತಪ್ಪದೆ ಎದುರಾಗುವುದು ಹೆಸರಿನ ತೊಡಕು. ನಮ್ಮಲ್ಲಿ ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಹೆಸರು, ಮನೆತನದ ಹೆಸರು ಎಂಬ ಎರಡು ಜಾಗದಲ್ಲಿ ಒಂದು ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ "ಎಫ್ಎನ್‌ಯು" ಎಂದು ಮುದ್ರಿಸುತ್ತಾರೆ. ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಆಮೇಲೆ ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್, ಆಸ್ಪತ್ರೆ ಎಲ್ಲ ಕಡೆ ಅದೇ ಹೆಸರು ಬೆನ್ನು ಹತ್ತುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಜನನ ನೋಂದಣಿಯೇ ಆಗಿಲ್ಲದಿದ್ದರೆ ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರವನ್ನು ನೋಂದಣಿ ಕಚೇರಿಯಿಂದ ಪಡೆದು, ಅದರ ಜೊತೆ ಅಂಕಪಟ್ಟಿ ಇಡಬೇಕು. ಪಾಸ್‌ಪೋರ್ಟ್ ಮೊದಲು ಸರಿಮಾಡಿಸಿ, ಅದೇ ಹೆಸರಿನಲ್ಲಿ ಮದುವೆ ನೋಂದಣಿ, ಅದೇ ಹೆಸರಿನಲ್ಲಿ ಪೊಲೀಸ್ ಕ್ಲಿಯರೆನ್ಸ್, ಆಮೇಲೆ ಅರ್ಜಿ.